ಇಂಗ್ಲಿಷ್ ಜರ್ನಲ್‌ಗೆ ಕನ್ನಡ ವ್ಯಾಕರಣದ ಪೇಪರ್ ಕಳಿಸುವ ಮುನ್ನ

ಕನ್ನಡದ ವಾಕ್ಯಗಳನ್ನು ಇಟ್ಟುಕೊಂಡು ಇಂಗ್ಲಿಷ್ ಭಾಷಾವಿಜ್ಞಾನದ ಜರ್ನಲ್‌ಗೆ ಬರೆಯುವವರ ಹೊತ್ತೆಲ್ಲ ಇಂಗ್ಲಿಷ್ ತಿದ್ದುವುದರಲ್ಲೇ ಹೋಗುತ್ತದೆ. ನಾನು ಅದರಲ್ಲಿ ಅರ್ಧ ಹೊತ್ತನ್ನು ಉದಾಹರಣೆಗಳಿಗೆ ಎತ್ತಿಡುತ್ತೇನೆ. ಕನ್ನಡ ಬಾರದ ರಿವ್ಯೂವರ್‌ಗೆ ನಮ್ಮ ವಾದವನ್ನು ಒರೆಗೆ ಹಚ್ಚಲು ಸಿಗುವುದು ಅವಷ್ಟೇ.

ಜರ್ನಲ್ ಆರಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕಳೆದ ಎರಡು ವರ್ಷಗಳ ಸಂಚಿಕೆಗಳಿಂದ ಐದಾರು ಪೇಪರ್ ಓದುತ್ತೇನೆ. ಅವುಗಳಲ್ಲಿ ಒಂದೂ ನನ್ನ ಗ್ರಂಥಸೂಚಿಯೊಳಗೆ ಸಹಜವಾಗಿ ಬರುವಂಥದ್ದಲ್ಲ ಎಂದರೆ ಅದು ನನ್ನ ಜಾಗವಲ್ಲ. ಪ್ರಕಟಣೆಗೆ ಶುಲ್ಕವಿದೆಯೇ, ಇದ್ದರೆ ಮನ್ನಾ ಕೇಳಬಹುದೇ ಎಂಬುದನ್ನು ಆಗಲೇ ನೋಡಿಕೊಳ್ಳಬೇಕು. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವಂತಿಲ್ಲ.

ಈಗ ‘ಅವನಿಗೆ ಕೋಪ ಬಂತು’ ಎಂಬ ವಾಕ್ಯ ತಗೊಳ್ಳಿ. ಪರಭಾಷೆಯ ವಾಕ್ಯವನ್ನು ತುಂಡುತುಂಡಾಗಿ ಅರ್ಥ ಸಹಿತ ತೋರಿಸಲು ಬಹುತೇಕ ಜರ್ನಲ್‌ಗಳು ಕೇಳುವ ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳ ಪ್ರಕಾರ ಇದಕ್ಕೆ ಮೂರು ಸಾಲು ಬೇಕು. ಮೊದಲ ಸಾಲಿನಲ್ಲಿ ರೋಮನ್ ಲಿಪಿಯಲ್ಲಿ, ಪ್ರತ್ಯಯ ಬಿಡಿಸಿ: ಅವನ್-ಇಗೆ ಕೋಪ ಬನ್-ತು. ಎರಡನೆಯದರಲ್ಲಿ ಒಂದೊಂದರ ಕೆಳಗೂ ಅದರದರ ಅರ್ಥ. ಮೇಲೆ ಎಷ್ಟು ಹೈಫನ್ನೋ ಕೆಳಗೂ ಅಷ್ಟೇ. ಎಡವುವುದು ‘ತು’ ಹತ್ತಿರ. ಭೂತಕಾಲ, ಪ್ರಥಮ ಪುರುಷ (ಇಂಗ್ಲಿಷಿನ ಥರ್ಡ್ ಪರ್ಸನ್), ಏಕವಚನ, ನಪುಂಸಕಲಿಂಗ ಎಲ್ಲವೂ ಅದೊಂದರಲ್ಲೇ ಇವೆ. ಇವನ್ನು ಹೈಫನ್‌ನಿಂದ ಬಿಡಿಸಿದರೆ ಕೆಳಗೆ ತುಂಡುಗಳು ಜಾಸ್ತಿಯಾಗುತ್ತವೆ. ಆದ್ದರಿಂದ ಚುಕ್ಕಿ ಇಟ್ಟು ಕೂಡಿಸಬೇಕು. ‘ಅವನು’ ತಲೆಯಲ್ಲಿದ್ದು, ಕ್ರಿಯಾಪದದ ಕೆಳಗೆ ಕೈತಪ್ಪಿ ಪುಲ್ಲಿಂಗ ಎಂದು ಬರೆದರಂತೂ ಪೇಪರೇ ಬಿತ್ತು. ಕ್ರಿಯಾಪದ ಹೊಂದುವುದು ಕೋಪದ ಜೊತೆ, ಚತುರ್ಥಿಯಲ್ಲಿರುವ ಮನುಷ್ಯನ ಜೊತೆಯಲ್ಲ. ಇಂಥ ಚತುರ್ಥಿಯ ಪದವನ್ನು ಕರ್ತೃ ಎನ್ನಬಹುದೇ ಎಂಬ ‘ಚತುರ್ಥಿ ಕರ್ತೃ’ವಿನ ಚರ್ಚೆ ಶುರುವಾಗುವುದೇ ಅಲ್ಲಿಂದ. ಮೂರನೆಯ ಸಾಲು ಸಹಜ ಇಂಗ್ಲಿಷ್ ಅನುವಾದ, ಒಂಟಿ ಉದ್ಧರಣ ಚಿಹ್ನೆಯೊಳಗೆ.

ವಿಭಕ್ತಿ, ಕಾಲಗಳ ಸಂಕ್ಷೇಪಗಳು ಸ್ಮಾಲ್ ಕ್ಯಾಪ್ಸ್‌ನಲ್ಲಿ, ಅಂದರೆ ಸಣ್ಣಕ್ಷರದ ಎತ್ತರದ ದೊಡ್ಡಕ್ಷರಗಳಲ್ಲಿ ಇರಬೇಕು. ವರ್ಡ್‌ನಲ್ಲಿ ಸಣ್ಣಕ್ಷರದಲ್ಲೇ ಟೈಪಿಸಿ ಕಂಟ್ರೋಲ್-ಶಿಫ್ಟ್-ಕೆ ಒತ್ತಿ. ದೊಡ್ಡಕ್ಷರದಲ್ಲಿ ಟೈಪಿಸಿದರೆ ಒತ್ತಿದರೂ ಹಾಗೇ ಉಳಿಯುತ್ತದೆ. ಪದಗಳನ್ನು ಸ್ಪೇಸ್ ಬಾರ್‌ನಿಂದ ಸಾಲಾಗಿಸಬೇಡಿ, ಫಾಂಟ್ ಬದಲಾದ ತಕ್ಷಣ ಕದಡುತ್ತದೆ. ಗೆರೆಯಿಲ್ಲದ ಟೇಬಲ್ ಒಳ್ಳೆಯದು.

ಲಿಪ್ಯಂತರಕ್ಕೆ ಸಂಸ್ಕೃತದವರ ಪದ್ಧತಿಯನ್ನು ಕಣ್ಣುಮುಚ್ಚಿ ತಂದರೆ ಕೊಡುವುದಕ್ಕೂ ಎಮ್ಮೆಯ ಕೋಡಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿ ಎ, ಒ ಯಾವಾಗಲೂ ದೀರ್ಘ, ಹಾಗಾಗಿ ಗುರುತೇ ಹಾಕುವುದಿಲ್ಲ. ಭಾರತೀಯ ಲಿಪಿಗಳ ಲಿಪ್ಯಂತರಕ್ಕಿರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 15919ರಲ್ಲಿ ಏ, ಓಗಳ ಮೇಲೆ ಗೆರೆ ಬರುತ್ತದೆ, ನಮಗೆ ಅದೇ ಸರಿ. ಸೊನ್ನೆಯನ್ನು ಉಚ್ಚಾರಕ್ಕೆ ತಕ್ಕ ಅನುನಾಸಿಕವಾಗಿ ಬಿಡಿಸುತ್ತೇನೆ: ‘ತುಂಬ’ದಲ್ಲಿ ಮ್, ‘ಬಂತು’ವಿನಲ್ಲಿ ನ್. ಯಾವುದನ್ನು ಹಿಡಿದರೂ ಕೊನೆಯವರೆಗೆ ಒಂದೇ ಇರಲಿ. ಕನ್ನಡ ಲಿಪಿಯ ಸಾಲನ್ನೂ ಕೊಡುವುದಾದರೆ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದು ಆಚೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ವಾಕ್ಯ ಸರಿಯೋ ತಪ್ಪೋ ಎಂದು ಹೇಳಿದವರು ಯಾರು? ‘ಲೇಖಕರ ಮಾತೃಭಾಷೆ ಕನ್ನಡ’ ಎಂಬ ಒಂದು ಅಡಿಟಿಪ್ಪಣಿ ಸಾಲದು. ಎಷ್ಟು ಜನರನ್ನು ಕೇಳಿದಿರಿ, ಅವರು ಧಾರವಾಡದವರೋ ಮೈಸೂರಿನವರೋ, ಎಲ್ಲಿ ಒಪ್ಪಲಿಲ್ಲ ಎಂಬುದೂ ಬರಲಿ.

ರಿವ್ಯೂವರ್‌ಗೆ ಗೊತ್ತಾಗದಂತೆ ಲೇಖಕರ ಗುರುತು ಮರೆಮಾಡುವುದೆಂದರೆ ಮೊದಲ ಪುಟದಿಂದ ಹೆಸರು ಅಳಿಸುವುದಷ್ಟೇ ಅಲ್ಲ. ಫೈಲಿನ ಪ್ರಾಪರ್ಟೀಸ್, ಕಾಮೆಂಟುಗಳು, ಕೃತಜ್ಞತೆ, ಅನುದಾನದ ಸಂಖ್ಯೆ, ಫೈಲಿನ ಹೆಸರು ಇವೆಲ್ಲ ಗುಟ್ಟು ಬಿಟ್ಟುಕೊಡುತ್ತವೆ. ವರ್ಡ್‌ನ ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದನ್ನು ಕಣ್ಣಿಟ್ಟು ಹುಡುಕಬೇಕು. ‘ನನ್ನ ಹಿಂದಿನ ಲೇಖನದಲ್ಲಿ ತೋರಿಸಿದಂತೆ’ ಎನ್ನುವ ಬದಲು ಬೇರೆಯವರದನ್ನು ಉಲ್ಲೇಖಿಸುವ ಹಾಗೆ ಬರೆದರಾಯಿತು. ದತ್ತಾಂಶವನ್ನು ಒಎಸ್‌ಎಫ್ ಎಂಬ ಸಂಶೋಧನಾ ಸಂಗ್ರಹತಾಣದಲ್ಲಿ ಇಟ್ಟಿದ್ದರೆ ಹೆಸರು ಕಾಣದ, ಓದಲು ಮಾತ್ರ ಬರುವ ಲಿಂಕ್ ಕೊಡಬಹುದು.

ಸಲ್ಲಿಸುವ ಜಾಲತಾಣದಲ್ಲಿ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ, ಅಬ್‌ಸ್ಟ್ರಾಕ್ಟ್, ಕೀವರ್ಡ್ ಕೇಳುತ್ತದೆ. ಕೊನೆಯಲ್ಲಿ ಅದೇ ತಯಾರಿಸುವ ಪಿಡಿಎಫ್ ಅನ್ನು ಪೂರ್ತಿ ಓದದೆ ಒಪ್ಪಿಗೆ ಕೊಡಬೇಡಿ. ‘ಳ’ದ ಕೆಳಗಿನ ಚುಕ್ಕಿ ಪಕ್ಕಕ್ಕೆ ಜಾರುವುದೋ, ಅಕ್ಷರದ ಬದಲು ಖಾಲಿ ಚೌಕ ಬರುವುದೋ ಅಲ್ಲೇ. ಚಾರಿಸ್ ಅಥವಾ ಡೌಲೋಸ್ ಫಾಂಟ್ ಬಳಸಿ, ಅದನ್ನು ಒಳಗೇ ಸೇರಿಸಿದ ಪಿಡಿಎಫ್ ಒಂದನ್ನು ಜೊತೆಗಿಟ್ಟರೆ ಈ ಕಾಟ ತಪ್ಪುತ್ತದೆ.

ತಿದ್ದಿ ಕಳಿಸಿ ಎಂದು ಬಂದರೆ ಅದು ತಿರಸ್ಕಾರವಲ್ಲ. ಉತ್ತರದ ಪತ್ರದಲ್ಲಿ ರಿವ್ಯೂವರ್‌ನ ಪ್ರತಿಯೊಂದು ಮಾತನ್ನೂ ಹಾಗೇ ಇಳಿಸಿ, ಕೆಳಗೆ ಉತ್ತರ ಮತ್ತು ಹೊಸ ಪ್ರತಿಯ ಪುಟಸಂಖ್ಯೆ ಬರೆಯುತ್ತೇನೆ. ಒಪ್ಪಲಾಗದ ಕಡೆ ವಾದ ಬೆಳೆಸುವ ಬದಲು ವಾಕ್ಯ ಕೊಡುವುದು ಮೇಲು. ‘ಪ್ರಥಮಾ ವಿಭಕ್ತಿ ಬರಲಾರದೇ?’ ಎಂದು ಕೇಳಿದರೆ ‘ಅವನು ಕೋಪ ಬಂತು’ ಎಂಬುದನ್ನು, ತಪ್ಪು ವಾಕ್ಯವೆಂದು ತೋರಿಸುವ ನಕ್ಷತ್ರ ಗುರುತು ಹಾಕಿ ಸೇರಿಸುತ್ತೇನೆ. ಹೊಸ ಉದಾಹರಣೆ ನಡುವೆ ಬಂದರೆ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಕೈಯಿಂದ ಹಾಕಿದ ‘(14)ರಲ್ಲಿ ನೋಡಿ’ ಮಾತ್ರ ಹಾಗೇ ಉಳಿದು ಬೇರೆ ವಾಕ್ಯ ತೋರಿಸುತ್ತದೆ. ಉದಾಹರಣೆಯ ಸಂಖ್ಯೆಯ ಜೊತೆಗೇ ಬದಲಾಗುವ ವರ್ಡ್‌ನ ಕ್ರಾಸ್-ರೆಫರೆನ್ಸನ್ನು ಮೊದಲ ಕರಡಿನಲ್ಲೇ ಹಾಕಿಬಿಡಿ.