ತೂತಿನ ಟೆಂಪ್ಲೇಟ್ ಕಳಿಸುವಾಗ 10 ಸೆಂ.ಮೀ. ಗೆರೆ ಹಾಕಿ

ಬೇರೆ ಬೇರೆ ಊರಿನವರು ಒಂದೊಂದು ಮಡಿಕೆ ಕಟ್ಟು (ಒಟ್ಟಿಗೆ ಮಡಚಿದ ಹಾಳೆಗಳ ಕಂತೆ) ಮಾಡಿ, ಕೊನೆಗೆ ಒಂದೇ ಪುಸ್ತಕವಾಗಿ ಹೊಲಿಯುವಾಗ, ತೂತಿನ ಟೆಂಪ್ಲೇಟಿನ (ಹೊಲಿಗೆಯ ತೂತುಗಳು ಎಲ್ಲೆಲ್ಲಿ ಬರಬೇಕೆಂದು ತೋರಿಸುವ ಹಾಳೆಯ) ಮೂಲೆಯಲ್ಲಿ ಸರಿಯಾಗಿ 10 ಸೆಂ.ಮೀ. ಉದ್ದದ ಗೆರೆ ಎಳೆದು, ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಮಾತ್ರ ಬೇಡ. ಫೋಟೋಗೆ ಕಾಗದದ ಅಳತೆ ಗೊತ್ತಿರುವುದಿಲ್ಲ, ಪಿಡಿಎಫ್‌ಗೆ ಗೊತ್ತಿರುತ್ತದೆ. ಪ್ರಿಂಟ್ ಮಾಡುವವರು ‘ಫಿಟ್ ಟು ಪೇಜ್’ ತೆಗೆದು 100% ಇಡಬೇಕು, ಆಮೇಲೆ ಸ್ಕೇಲ್ ಇಟ್ಟು ಗೆರೆ ಅಳೆಯಬೇಕು. 9.7 ಬಂದರೆ ದಬ್ಬಳ ಮುಟ್ಟಲೇಬೇಡಿ! 20 ಸೆಂ.ಮೀ. ಉದ್ದದ ಪುಸ್ತಕದ ಬೆನ್ನಿನಲ್ಲಿ (ಹೊಲಿಯುವ ಅಂಚಿನಲ್ಲಿ) ಅದು 6 ಮಿ.ಮೀ. ವ್ಯತ್ಯಾಸ, ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ ಹಾಳೆ ಹಾಳಾದರೆ ಹೊಟ್ಟೆ ಉರಿಯುತ್ತೆ ಅಲ್ವಾ? ಅಮೆರಿಕದ ಸದಸ್ಯರಿದ್ದರೆ ಇದೊಂದೇ ಸಾಲದು. ಅಲ್ಲಿನ ಲೆಟರ್ ಹಾಳೆ 279 ಮಿ.ಮೀ. ಉದ್ದ, ನಮ್ಮ ಎ4 297. 100% ಇಟ್ಟರೆ ತುದಿ ಕತ್ತರಿಸಿ ಹೋಗುತ್ತದೆ. ಅದಕ್ಕೇ ಟೆಂಪ್ಲೇಟನ್ನು 250 ಮಿ.ಮೀ. ಒಳಗೇ ಮುಗಿಸಿ. ಇನ್ನು ಕಾಗದದ ನಾರಿನ ದಿಕ್ಕನ್ನು ಯಾವ ಫೈಲೂ ಹೇಳುವುದಿಲ್ಲ. ಅದು ಬೆನ್ನಿಗೆ ಸಮಾನಾಂತರವಾಗಿ ಇರಲಿ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ, ಸಲೀಸಾಗಿ ಬಾಗುವ ಕಡೆಗೇ ಮಡಚಿ.