ಪಾಡ್‌ಕಾಸ್ಟ್‌ಗೆ ಅತಿಥಿಯಾಗಲು ಪತ್ರ ಬರೆಯುವ ಬಗೆ

ಪಾಡ್‌ಕಾಸ್ಟ್ ನಡೆಸುವವರಿಗೆ 'ನನ್ನನ್ನು ಅತಿಥಿಯಾಗಿ ಕರೆಯಿರಿ' ಎಂಬ ಪತ್ರಗಳಿಗೆ ಬರವಿಲ್ಲ. ಅವರಿಗೆ ಬರವಿರುವುದು ಮುಂದಿನ ಸಂಚಿಕೆಗೆ ಬೇಕಾದ ವಿಷಯಕ್ಕೆ. ಆದ್ದರಿಂದ ನೀವು ಯಾರು ಎಂಬುದನ್ನು ವಿವರಿಸುವ ಪತ್ರಕ್ಕಿಂತ, ನಿಮ್ಮಿಂದ ಯಾವ ಸಂಚಿಕೆ ಸಿದ್ಧವಾಗಬಹುದು ಎಂಬುದನ್ನು ತೋರಿಸುವ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಮೊದಲು ಆಯ್ಕೆ. ಕೇಳುಗರ ಸಂಖ್ಯೆಯ ಬೆನ್ನು ಹತ್ತುವ ಮುನ್ನ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ: ಆ ಪಾಡ್‌ಕಾಸ್ಟ್ ಅತಿಥಿಗಳನ್ನು ಕರೆಯುತ್ತದೆಯೇ ಮತ್ತು ಅದು ಇನ್ನೂ ನಡೆಯುತ್ತಿದೆಯೇ. ಹತ್ತಾರು ಸಂಚಿಕೆಗಳ ನಂತರ ಸದ್ದಿಲ್ಲದೆ ನಿಂತುಹೋದ ಪಾಡ್‌ಕಾಸ್ಟ್‌ಗಳು ಆ್ಯಪಲ್ ಪಾಡ್‌ಕಾಸ್ಟ್ಸ್‌ನಲ್ಲಾಗಲಿ ಸ್ಪಾಟಿಫೈನಲ್ಲಾಗಲಿ ಹಾಗೆಯೇ ಉಳಿದಿರುತ್ತವೆ. ಕೊನೆಯ ಸಂಚಿಕೆಯ ದಿನಾಂಕ ನೋಡಿದರೆ ಗೊತ್ತಾಗುತ್ತದೆ. ಬಳಿಕ ಕನಿಷ್ಠ ಮೂರು ಸಂಚಿಕೆಗಳನ್ನು ಪೂರ್ತಿಯಾಗಿ ಕೇಳಿ. ಅವುಗಳಲ್ಲಿ ಒಂದಾದರೂ ನಿಮ್ಮ ಕ್ಷೇತ್ರಕ್ಕೆ ಹತ್ತಿರದ್ದಾಗಿರಲಿ, ಏಕೆಂದರೆ ಆಗಲೇ ಚರ್ಚೆಯಾಗಿಹೋದ ವಿಷಯವನ್ನೇ ಮತ್ತೆ ಮುಂದಿಡುವುದಕ್ಕಿಂತ ದೊಡ್ಡ ಮುಜುಗರ ಇನ್ನೊಂದಿಲ್ಲ. ನಿರೂಪಕರು ಎಲ್ಲ ಅತಿಥಿಗಳಿಗೂ ತಪ್ಪದೆ ಕೇಳುವ ಪ್ರಶ್ನೆ ಯಾವುದು, ಕೇಳುಗರು ಹೊಸಬರೋ ಪಳಗಿದವರೋ, ಅತಿಥಿಗೆ ಎಷ್ಟು ಹೊತ್ತು ತಡೆಯಿಲ್ಲದೆ ಮಾತನಾಡಲು ಬಿಡುತ್ತಾರೆ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ.

ವಿಳಾಸ ಹುಡುಕುವುದು ಕಷ್ಟವಲ್ಲ. ಪಾಡ್‌ಕಾಸ್ಟ್‌ನ ಜಾಲತಾಣದಲ್ಲಿ ಅತಿಥಿಗಳಿಗೆಂದೇ ಅರ್ಜಿ ನಮೂನೆ ಇದ್ದರೆ ಅದನ್ನೇ ತುಂಬಿ. ಅದನ್ನು ಬಿಟ್ಟು ನಿರೂಪಕರ ಖಾಸಗಿ ಖಾತೆಗೆ ಸಂದೇಶ ಕಳುಹಿಸುವುದು ಒಪ್ಪುವ ನಡೆಯಲ್ಲ. ನಮೂನೆ ಇಲ್ಲದಿದ್ದರೆ ಸಂಚಿಕೆಯ ವಿವರಣೆಯಲ್ಲಿ ಇಮೇಲ್ ಸಿಗಬಹುದು. ಪಾಡ್‌ಕಾಸ್ಟ್‌ನ ಆರ್‌ಎಸ್‌ಎಸ್ ಫೀಡ್‌ನಲ್ಲಿ (ಸಂಚಿಕೆಗಳ ವಿವರವನ್ನು ಆ್ಯಪ್‌ಗಳಿಗೆ ತಲುಪಿಸುವ ಕಡತದಲ್ಲಿ) ಮಾಲೀಕರ ಇಮೇಲ್ ನಮೂದಿಸಲು ಒಂದು ಜಾಗವಿದೆ, ಆದರೆ ಸ್ಪ್ಯಾಮ್ ಕಾಟದಿಂದಾಗಿ ಈಗ ಹಲವರು ಅದನ್ನು ಮರೆಮಾಡುತ್ತಾರೆ.

ಇನ್ನು ಪತ್ರದ ವಿಚಾರ. ಹೆಚ್ಚಿನವರು ಎಡವುವುದು ಇಲ್ಲಿಯೇ. ರಾತ್ರಿ ಪಾಳಿಯವರ ಆಹಾರಕ್ರಮದ ಬಗ್ಗೆ ಕೆಲಸ ಮಾಡಿದ ಒಬ್ಬ ಆಹಾರತಜ್ಞೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. 'ನಿಮ್ಮ ಪಾಡ್‌ಕಾಸ್ಟ್ ಅದ್ಭುತವಾಗಿದೆ. ನಾನು ಹತ್ತು ವರ್ಷಗಳ ಅನುಭವವುಳ್ಳ ಆಹಾರತಜ್ಞೆ. ಆರೋಗ್ಯಕ್ಕೆ ಸಂಬಂಧಿಸಿದ ಯಾವ ವಿಷಯದ ಮೇಲಾದರೂ ಮಾತನಾಡಬಲ್ಲೆ' ಎಂದು ಅವರು ಬರೆದರೆ, ಸಂಚಿಕೆ ಯಾವುದರ ಬಗ್ಗೆ ಇರಬೇಕೆಂದು ಯೋಚಿಸುವ ಹೊರೆ ನಿರೂಪಕರ ಹೆಗಲಿಗೇ ಬೀಳುತ್ತದೆ. ಮೊದಲ ವಾಕ್ಯದ ಹೊಗಳಿಕೆಯನ್ನು ಯಾವ ಪಾಡ್‌ಕಾಸ್ಟ್‌ಗೆ ಬೇಕಾದರೂ ಅಂಟಿಸಬಹುದು. ಅದು ನಿರೂಪಕರಿಗೂ ಗೊತ್ತಿರುತ್ತದೆ.

ಅದೇ ವ್ಯಕ್ತಿ ಹೀಗೆ ಬರೆಯಬಹುದು: 'ನಿದ್ರೆಯ ಕುರಿತ ನಿಮ್ಮ ಸಂಚಿಕೆಯ ಕೊನೆಯಲ್ಲಿ, ರಾತ್ರಿ ಕೆಲಸ ಮಾಡುವವರ ಗತಿಯೇನು ಎಂದು ನೀವು ಕೇಳಿದಿರಿ, ಸಮಯ ಮುಗಿದದ್ದರಿಂದ ಅತಿಥಿ ಅದಕ್ಕೆ ಉತ್ತರಿಸಲಿಲ್ಲ. ನಾನು ಆಸ್ಪತ್ರೆಯೊಂದರ ರಾತ್ರಿ ಪಾಳಿಯ ದಾದಿಯರಿಗೆ ಊಟದ ವೇಳಾಪಟ್ಟಿ ಸಿದ್ಧಪಡಿಸಿದ್ದೇನೆ. ನಡುರಾತ್ರಿಯ ಊಟ ಮೈಗೆ ಏಕೆ ಭಾರವಾಗುತ್ತದೆ, ಪಾಳಿ ಮುಗಿಸಿ ಬಂದವರು ಮಲಗುವ ಮುನ್ನ ಏನು ತಿನ್ನಬೇಕು, ನಾನು ಮಾಡಿದ ಮೊದಲ ವೇಳಾಪಟ್ಟಿಯನ್ನು ದಾದಿಯರು ಏಕೆ ತಿರಸ್ಕರಿಸಿದರು ಎಂಬ ಮೂರು ಸಂಗತಿಗಳನ್ನು ನಿಮ್ಮ ಕೇಳುಗರ ಮುಂದಿಡಬಲ್ಲೆ.' ಇಲ್ಲಿ ಸಂಚಿಕೆ ಬಹುಮಟ್ಟಿಗೆ ಸಿದ್ಧವಾಗಿಯೇ ಬಂದಿದೆ. ನನ್ನ ದೃಷ್ಟಿಯಲ್ಲಿ ಮೂರನೆಯ ಸಂಗತಿಯೇ ಪತ್ರದ ಜೀವಾಳ: ಸೋತ ಕಥೆ ಹೇಳಲು ಹಿಂಜರಿಯದ ಅತಿಥಿಯೊಡನೆ ಮಾತು ಚೆನ್ನಾಗಿ ಬೆಳೆಯುತ್ತದೆ.

ಇಷ್ಟರ ಕೆಳಗೆ ಎರಡು ಸಾಲುಗಳ ಪರಿಚಯ ಮತ್ತು ನೀವು ಮಾತನಾಡಿರುವ ಧ್ವನಿಮುದ್ರಣದ ಒಂದು ಕೊಂಡಿ ಸಾಕು. ಹಿಂದೆಲ್ಲೂ ಮಾತನಾಡಿಲ್ಲವಾದರೆ, ಅದೇ ವಿಷಯವನ್ನು ಎರಡು ನಿಮಿಷ ಫೋನಿನಲ್ಲಿ ಮಾತನಾಡಿ ಧ್ವನಿಮುದ್ರಿಸಿ ಕಳುಹಿಸಿ. ನಿರೂಪಕರಿಗೆ ತಿಳಿಯಬೇಕಾದದ್ದು ನೀವು ಸರಾಗವಾಗಿ ಮಾತನಾಡಬಲ್ಲಿರೇ ಎಂಬುದಷ್ಟೆ. ಭಾರವಾದ ಕಡತಗಳನ್ನು ಲಗತ್ತಿಸಬೇಡಿ. ಹೆಡ್‌ಫೋನ್ ಮತ್ತು ಮೈಕ್ ಇವೆ ಎಂದು ಒಂದು ಮಾತು ತಿಳಿಸುವುದು ಒಳ್ಳೆಯದು. ಹೆಡ್‌ಫೋನ್ ಇಲ್ಲದಿದ್ದರೆ ನಿರೂಪಕರ ಧ್ವನಿ ನಿಮ್ಮ ಸ್ಪೀಕರ್‌ನಿಂದ ಹೊರಟು ನಿಮ್ಮದೇ ಮೈಕ್‌ಗೆ ಮರಳಿ ಸೇರುತ್ತದೆ, ಅದನ್ನು ಸಂಕಲನದಲ್ಲಿ ತೆಗೆಯುವುದು ತಲೆನೋವಿನ ಕೆಲಸ. ಮಾರಬೇಕಾದ ಪುಸ್ತಕವೋ ಸೇವೆಯೋ ಇದ್ದರೆ ಮುಚ್ಚಿಡದೆ ಈ ಪತ್ರದಲ್ಲೇ ಹೇಳಿಬಿಡಿ. ಧ್ವನಿಮುದ್ರಣವಾದ ಸಂಚಿಕೆ ಹೊರಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ, ಬಿಡುಗಡೆಯ ದಿನಾಂಕವೇನಾದರೂ ಇದ್ದರೆ ಅದನ್ನೂ ಆರಂಭದಲ್ಲಿಯೇ ತಿಳಿಸಬೇಕು.

ಹತ್ತು ದಿನಗಳಾದರೂ ಉತ್ತರ ಬಾರದಿದ್ದರೆ, ಅದೇ ಪತ್ರದ ಕೆಳಗೆ ಎರಡು ಸಾಲು ಬರೆದು ಒಮ್ಮೆ ನೆನಪಿಸಿ. ಅದಕ್ಕೂ ಮೌನವೇ ಉತ್ತರವಾದರೆ ಮುಂದಿನ ಪಾಡ್‌ಕಾಸ್ಟ್‌ನತ್ತ ಹೊರಳಿ. ಕೆಲವರು ಅತಿಥಿಗಳಿಂದಲೇ ಶುಲ್ಕ ಕೇಳುತ್ತಾರೆ. ಹಣ ಕೊಟ್ಟು ಬಂದ ಅತಿಥಿ ಎಂಬುದನ್ನು ಕೇಳುಗರಿಗೆ ತಿಳಿಸದ ಕಡೆ ನಾನಂತೂ ಹೋಗಲಾರೆ.

ಒಪ್ಪಿಗೆ ಬಂದ ದಿನವೇ ಸಮಯ, ಅವಧಿ, ವಿಡಿಯೊ ಇದೆಯೇ ಎಂಬುದನ್ನು ಕೇಳಿಕೊಳ್ಳಿ. ಬೇರೆ ದೇಶದವರಾದರೆ ಯಾರ ಗಡಿಯಾರದ ಸಮಯ ಎಂಬುದನ್ನೂ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಜೊತೆಗೆ, ನಿರೂಪಕರು ಉಸಿರು ಕಟ್ಟದೆ ಓದಬಲ್ಲ ಎರಡು ವಾಕ್ಯಗಳ ಪರಿಚಯವನ್ನೂ, ನಿಮ್ಮ ಹೆಸರನ್ನು ನೀವೇ ಉಚ್ಚರಿಸಿದ ಪುಟ್ಟ ಧ್ವನಿಮುದ್ರಣವನ್ನೂ ಕಳುಹಿಸಿಕೊಡಿ.