ನೋವಿನ ಮಾತ್ರೆಯ ಪಟ್ಟಿಯನ್ನು ಹಿಂದೆ ತಿರುಗಿಸಿ ಓದಿ

ನೋವಿನ ಮಾತ್ರೆ ನುಂಗುವ ಮೊದಲು, ಮಾತ್ರೆಯ ಪಟ್ಟಿಯ (ಸ್ಟ್ರಿಪ್‌ನ) ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಔಷಧದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಓದಬೇಕು. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಇವು ಮೂರೂ ಪ್ಯಾರಾಸಿಟಮಾಲ್ ಮಾತ್ರೆಗಳೇ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆಗೆ ಅದೇ ಪ್ಯಾರಾಸಿಟಮಾಲ್ ಇದೆ, ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಇರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು, ಸೊಂಟನೋವಿಗೊಂದು ಎಂದು ತೆಗೆದುಕೊಂಡವರು ತಿಳಿಯದೆಯೇ ಒಂದೇ ಔಷಧವನ್ನು ಮೂರು ಪಾಲು ನುಂಗಿರುತ್ತಾರೆ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್‌ನ ಮಿತಿ 24 ಗಂಟೆಗಳಲ್ಲಿ ಎಲ್ಲವೂ ಸೇರಿ 4 ಗ್ರಾಂ, ಅಂದರೆ 650 ಮಿ.ಗ್ರಾಂ.ನ ಆರು ಮಾತ್ರೆಗಳಿಗೇ ಅದು ಮುಗಿಯುತ್ತದೆ. ತೂಕ ಕಡಿಮೆ ಇರುವವರು, ಯಕೃತ್ತಿನ ಕಾಯಿಲೆಯವರು ಮತ್ತು ನಿತ್ಯ ಮದ್ಯ ಸೇವಿಸುವವರು ಇನ್ನೂ ಕಡಿಮೆ ಮಿತಿಯನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ಮಿತಿ ಮೀರಿದ್ದರೆ ಆರಾಮವಾಗಿದ್ದೇವೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಏಕೆಂದರೆ ಮೊದಲ ದಿನ ಯಾವ ಲಕ್ಷಣವೂ ಕಾಣದಿರಬಹುದು, ಆದರೆ ಪ್ರತಿವಿಷ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಗಳೊಳಗೆ.

ನನಗೆ ಹೆಚ್ಚು ಆತಂಕವಿರುವುದು ಮನೆಯ ಹಿರಿಯರ ಬಗ್ಗೆ. ಬಿ.ಪಿ.ಗೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧವನ್ನೂ ಸೇವಿಸುವವರು (ಇವೆರಡೂ ಒಂದೇ ಮಾತ್ರೆಯಲ್ಲಿ ಇರುವುದುಂಟು) ಮಂಡಿನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಸೇರಿಸಿಕೊಂಡರೆ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗುತ್ತದೆ, ರಕ್ತ ಹೊರಹೋಗುವ ನಾಳವನ್ನು ಬಿಗಿಹಿಡಿದು ಒಳಗಿನ ಒತ್ತಡವನ್ನು ಕಾಯುವ ದಾರಿಯನ್ನು ಬಿ.ಪಿ. ಮಾತ್ರೆ ಮೊದಲೇ ಸಡಿಲಿಸಿರುತ್ತದೆ, ಮೈಯ ನೀರಿನಂಶವೂ ಇಳಿದಿರುತ್ತದೆ. ವಾಂತಿಭೇದಿಯ ದಿನಗಳಲ್ಲಿ ಈ ಕೂಟ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಇಂಥವರಿಗೆ ಮಿತಿಯೊಳಗಿನ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ.

ಹೃದಯಕ್ಕೆಂದು 75 ಮಿ.ಗ್ರಾಂ ಆಸ್ಪಿರಿನ್ ಸೇವಿಸುವವರಲ್ಲಿ ಐಬುಪ್ರೊಫೆನ್ ಅದರ ರಕ್ಷಣೆಯನ್ನು ತಡೆಯಬಹುದು, ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ಹೆಚ್ಚಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಸೇವಿಸುವವರಿಗೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಅವರು ಪ್ಯಾರಾಸಿಟಮಾಲನ್ನೂ ಹಲವು ದಿನ ಸತತವಾಗಿ ತೆಗೆದುಕೊಳ್ಳುವುದಾದರೆ ವೈದ್ಯರಿಗೆ ತಿಳಿಸಬೇಕು. ಸಂಧಿವಾತದಂಥ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಸೇವಿಸುವವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು.

ಮಳೆಗಾಲದ ಜ್ವರಕ್ಕೂ ಇದೇ ಎಚ್ಚರ ಬೇಕು: ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ದೂರವಿಡಿ. ಆಸ್ಪಿರಿನ್ ಕೂಡ ಬೇಡ. ಹೃದಯಕ್ಕೆಂದು ನಿತ್ಯ ಸೇವಿಸುವವರು ಮಾತ್ರ ಅದನ್ನು ತಾವಾಗಿಯೇ ನಿಲ್ಲಿಸದೆ ಅಂದೇ ವೈದ್ಯರನ್ನು ಕೇಳಿ.

ಅಂಗಡಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಪಟ್ಟಿಗಳ ಹಿಂಬದಿಯ ಫೋಟೋ ಮೊಬೈಲಿನಲ್ಲಿರಲಿ, ಮತ್ತು ಅದನ್ನು ಫಾರ್ಮಸಿಸ್ಟ್‌ಗೆ ತೋರಿಸಿ ಕೇಳಿ. ಮಾತ್ರೆ ತೆಗೆದುಕೊಂಡ ಮೇಲೆ ಮಲ ಕಪ್ಪಾದರೆ ಅಥವಾ ಮೂತ್ರ ಕಡಿಮೆಯಾದರೆ ನೋವಿನ ಮಾತ್ರೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.